ಅಕ್ಕೋರು ಬೋರ್ಡು ಒರೆಸುವಷ್ಟು ಹೊತ್ತು

ನಮ್ಮ ಕೇಬಲ್ ವಾಹಿನಿಯಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಸದ್ದಿಲ್ಲದಿದ್ದರೆ ಫೋನು ಬರುತ್ತದೆ. ಮೊದಲು ಲಕ್ಷ್ಮೇಶ್ವರದಿಂದ, ಹಿಂದೆಯೇ ಶಿರಹಟ್ಟಿಯಿಂದ. "ಏನ್ರಿ, ಆವಾಜ್ ಹೋತಲ್ಲ?" ಹೀಗಾಗಿ ಮೌನ ಕಂಡಲ್ಲೆಲ್ಲ ಕತ್ತರಿ ಹಾಕುವುದು ನನ್ನ ಕೈಗೆ ಬಂದ ಅಭ್ಯಾಸ. ಮಾತಾಡುವವರು ಉಸಿರು ಎಳೆದರೆ ಕತ್ತರಿಸುತ್ತೇನೆ, ಮುಖಂಡರು ಶಬ್ದ ಹುಡುಕಿದರೆ ಕತ್ತರಿಸುತ್ತೇನೆ. ಕೊರೊನಾ ಕಾಲದಲ್ಲಿ ಇದೇ ಅಭ್ಯಾಸದಿಂದ ಒಂದು ತಪ್ಪು ಮಾಡಿದೆ. ಅದು ತಪ್ಪೆಂದು ತಿಳಿಯಲು ಹದಿನಾರು ದಿನ ಬೇಕಾದವು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಲಾಕ್‌ಡೌನ್ ಸಡಿಲವಾದ ಮಳೆಗಾಲ. ನಮ್ಮ ಕಚೇರಿಯಲ್ಲಿ ಮೂವರು: ವಾಹಿನಿಯ ಮಾಲೀಕರು, ಕ್ಯಾಮೆರಾದವನು, ಸುದ್ದಿ ಬರೆದು ಓದಿ ಜೋಡಿಸುವ ನಾನು. ಒಂದು ಬೆಳಿಗ್ಗೆ ಊರಿನ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಮೂರನೇ ತರಗತಿಯ ಶಿಕ್ಷಕಿ. ಮಕ್ಕಳೂ ಪಾಲಕರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ಈ ಭಾಗದಲ್ಲಿ ಹೆಣ್ಣುಮಕ್ಕಳು ಪಾಠ ಹೇಳಿದರೆ ಅವರು ಅಕ್ಕೋರೇ.

ಮೂರು ವಾರದಿಂದ ಅವರು ಫೋನಿನಲ್ಲಿ ಆನ್‌ಲೈನ್ ಪಾಠ ನಡೆಸಿದ್ದರು. ಅದರ ವರದಿಯನ್ನು ಅಕ್ಕೋರು ಒಂದೇ ಉಸಿರಿನಲ್ಲಿ ಕೊಟ್ಟರು.

"ಮೂವತ್ತೆಂಟು ಹುಡುಗರದಾವ್ರಿ. ಪರದೆ ಮ್ಯಾಲ ಹನ್ನೊಂದು ಮಾರಿ ಕಾಣ್ತಾವ. ಅದರಾಗ ಎರಡು ಅವ್ವಂದಿರವು. ಒಬ್ಬಾಂವ ಎಮ್ಮಿ ತೋರಿಸ್ತಾನ. ಒಂದು ಪ್ರಶ್ನೆ ಕೇಳಿದ್ರ ಎಲ್ಲಾರೂ ಒಮ್ಮೆಲೇ ಒದರ್ತಾರ, ಇಲ್ಲಂದ್ರ ಮಾರಿ ನಿಂತು ಬಿಡ್ತಾವ. ಉಳದ ಇಪ್ಪತ್ತೇಳು ಮಂದಿ ಎಲ್ಲಿ ಹೋದ್ರು ಅಂತ ಖಬರ ಇಲ್ಲ."

ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ. ಟೀವಿ ಇತ್ತು, ಟೀವಿಗೆ ನಮ್ಮ ಕೇಬಲ್ ಇತ್ತು. ದಿನಕ್ಕೆ ಅರ್ಧ ಗಂಟೆ ಕೊಡಲು ಸಾಧ್ಯವೇ ಎಂಬುದು ಅವರ ಕೋರಿಕೆ. ಮಾಲೀಕರು ತಡಮಾಡಲಿಲ್ಲ. "ಅಂಗಡಿ ಮುಚ್ಚ್ಯಾವ, ಜಾಹೀರಾತು ಹೆಂಗೂ ಇಲ್ಲ. ಸಾಲಿನರ ನಡೀಲಿ ತಗೋರಿ. ಮುಂಜಾನಿ ಹತ್ತಕ್ಕ." ಫೋನ್ ಇದ್ದ ಮಕ್ಕಳಿಗಾಗಿ ಅದೇ ಪಾಠವನ್ನು ಅಂತರ್ಜಾಲಕ್ಕೆ ಏರಿಸಿ, ಕೊಂಡಿಯನ್ನು ಶಾಲೆಯ ಗುಂಪಿಗೆ ಕಳುಹಿಸುವ ಹೊಣೆ ನನ್ನದಾಯಿತು.

ನಮ್ಮ ಸ್ಟುಡಿಯೋದಲ್ಲಿ ಒಂದು ಮೇಜು, ಒಂದು ಕುರ್ಚಿ ಹಿಡಿಯುತ್ತವೆ, ಕರಿಹಲಗೆ ಹಿಡಿಯುವುದಿಲ್ಲ. ಆದ್ದರಿಂದ ಕ್ಯಾಮೆರಾವನ್ನೇ ಶಾಲೆಗೆ ಒಯ್ದೆವು. ಖಾಲಿ ತರಗತಿಯಲ್ಲಿ ಅಕ್ಕೋರು "ನಮಸ್ಕಾರ ಮಕ್ಕಳೇ" ಎಂದರೆ ನಾಲ್ಕೂ ಗೋಡೆಗಳು ತಿರುಗಿ ನಮಸ್ಕಾರ ಹೇಳಿದವು. ಮಕ್ಕಳು ಕೂತಿದ್ದಾಗ ಈ ಕೋಣೆ ಹೀಗೆ ಮೊಳಗುತ್ತಿರಲಿಲ್ಲ. ಮೂವತ್ತೆಂಟು ಮೈಗಳು, ಮೂವತ್ತೆಂಟು ಚೀಲಗಳು ಸದ್ದನ್ನು ಹೀರಿಕೊಳ್ಳುತ್ತಿದ್ದವು. ಗೋಡೆಗೆ ದಪ್ಪನೆಯದೇನಾದರೂ ಹೊದಿಸಬೇಕು ಎಂದೆ. ಮುಖ್ಯೋಪಾಧ್ಯಾಯರು ಶಿಗ್ಲಿಯ ಒಬ್ಬ ಪಾಲಕರಿಗೆ ಫೋನ್ ಮಾಡಿದರು. ಅವರು ಅರಳೆ ತುಂಬಿ ಗಾದಿ ಹೊಲಿಯುವವರು. ಮಧ್ಯಾಹ್ನದ ನಮಾಜು ಮುಗಿಸಿ ಟಂಟಂ ಗಾಡಿಯಲ್ಲಿ ಒಂಬತ್ತು ಗಾದಿ ಹೇರಿಕೊಂಡು ಬಂದರು. ಮದುವೆಗಳು ನಿಂತುಹೋಗಿ ಅವು ಮಾರಾಟವಾಗದೆ ಉಳಿದಿದ್ದವು.

"ಮಂದಿ ಮಕ್ಕೊಳ್ಳಾಕ ಗಾದಿ ಮಾಡ್ತೀವ್ರಿ ಸರ್. ಗ್ವಾಡಿ ಮಕ್ಕೊಂಡಿದ್ದು ಇದ ಮೊದಲ ಸಲ ನೋಡಾಕತ್ತಿದ್ದು," ಎನ್ನುತ್ತ ಅವರೇ ಉದ್ದನೆಯ ಮೊಳೆ ಬಡಿದು ಗಾದಿಗಳನ್ನು ತೂಗುಹಾಕಿದರು. ಗಾದಿಯ ಅಂಚು ಹರಿಯದಂತೆ ಪ್ರತಿ ಮೊಳೆಗೂ ಬಟ್ಟೆಯ ಚೂರು ಸುತ್ತಿದರು. ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿ ನೋಡಿದೆ. ಮೊಳಗು ಹೋಗಿತ್ತು. ಹೊರಡುವಾಗ ಅವರು ಅಕ್ಕೋರ ಹತ್ತಿರ ಏನೋ ಮೆಲ್ಲಗೆ ಹೇಳಿದರು. ಅಕ್ಕೋರು "ಟೀವಿ ಮುಂದ ಕುಂದ್ರಸ್ರಿ. ಉಳದಿದ್ದು ನಾ ನೋಡ್ಕೋತೀನಿ" ಎಂದದ್ದು ಮಾತ್ರ ನನಗೆ ಕೇಳಿಸಿತು.

ಅಕ್ಕೋರ ಮನೆ ಬೆಟಗೇರಿಯಲ್ಲಿ. ನಮ್ಮ ಕೇಬಲ್ ಅಷ್ಟು ದೂರ ಮುಟ್ಟುವುದಿಲ್ಲ. ವಾರಕ್ಕೆ ಮೂರು ದಿನ ಯಜಮಾನರ ಸ್ಕೂಟರಿನ ಹಿಂದೆ ಕೂತು ಬಂದು, ದಿನಕ್ಕೆ ಎರಡು ಪಾಠ ಮುಗಿಸಿ ಹೋಗುತ್ತಿದ್ದರು. ಮೊದಲ ದಿನವೇ ನಾನು ಗಮನಿಸಿದ ಸಂಗತಿ ಇದು: ಅವರು ಕ್ಯಾಮೆರಾಕ್ಕೆ ಒಂದು ಪ್ರಶ್ನೆ ಕೇಳುತ್ತಿದ್ದರು, ಬೆನ್ನು ತಿರುಗಿಸಿ ನಿಧಾನವಾಗಿ ಬೋರ್ಡು ಒರೆಸುತ್ತಿದ್ದರು, ಆಮೇಲೆ ಇತ್ತ ತಿರುಗಿ "ಹ್ಞೂಂ, ಕೇಳಿಸ್ತು" ಎಂದು ಉತ್ತರ ಹೇಳುತ್ತಿದ್ದರು. ಬೋರ್ಡಿನ ಮೇಲೆ ಅಕ್ಷರವಿಲ್ಲದಾಗಲೂ ಒರೆಸುತ್ತಿದ್ದರು. ಕ್ಯಾಮೆರಾದ ಮುಂದೆ ಹೊಸಬರಿಗೆ ಇಂಥ ತಡವರಿಕೆ ಸಹಜ ಎಂದುಕೊಂಡೆ.

ಮೂವತ್ತು ನಿಮಿಷದ ಮೊದಲ ಪಾಠವನ್ನು ಇಪ್ಪತ್ತಾರಕ್ಕೆ ಇಳಿಸಿದೆ. ಒರೆಸುವುದೆಲ್ಲ ಹೋಯಿತು. "ಕೇಳಿಸ್ತು" ಎಂಬುದನ್ನೂ ತೆಗೆದೆ. ಕೇಳಿಸದೆ ಇದ್ದದ್ದನ್ನು ಕೇಳಿಸಿತು ಎಂದು ಪ್ರಸಾರ ಮಾಡುವುದು ಸರಿಯಲ್ಲ ಎಂಬುದು ನನ್ನ ಲೆಕ್ಕ. ಉಳಿದದ್ದು ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಚೊಕ್ಕವಾಗಿತ್ತು. ಮುಖ್ಯೋಪಾಧ್ಯಾಯರು ನೋಡಿ, "ನಮ್ಮ ಅಕ್ಕೋರು ನ್ಯೂಸ್ ಓದಿದಂಗ ಓದ್ತಾರಲ್ರಿ!" ಎಂದು ಹಿಗ್ಗಿದರು. ಅಕ್ಕೋರು ಮಾತ್ರ ಒಂದನ್ನೂ ನೋಡಲಿಲ್ಲ. ಕೊಂಡಿ ಕಳುಹಿಸಿದರೆ, "ನನ್ನ ಮಾರಿ ನಾನ ನೋಡಾಕ ನಾಚಿಕಿ ಬರ್ತದ್ರಿ" ಎಂದು ಮುಚ್ಚಿಬಿಡುತ್ತಿದ್ದರು.

ಹೀಗೆ ಹನ್ನೊಂದು ಪಾಠ ಪ್ರಸಾರವಾದವು. ಜನ ಹೊಗಳಿದರು. ಹದಿನಾರನೆಯ ದಿನ ಗಾದಿಯವರು ಒಂದು ಗಾದಿ ಬದಲಿಸಲು ಬಂದರು. ತೂಗುಹಾಕಿದ್ದೊಂದಕ್ಕೆ ಗಿರಾಕಿ ಸಿಕ್ಕಿದ್ದರು. ಅಕ್ಕೋರು ಅಂದು ಬಂದಿರಲಿಲ್ಲ. ಮೈಕಿನ ತಂತಿ ಸುತ್ತುತ್ತಿದ್ದ ನನ್ನ ಹತ್ತಿರ ಗಾದಿಯವರು ಬಂದು ನಿಂತರು.

"ಸರ್, ಒಂದು ಮಾತ ಕೇಳ್ಲ್ಯಾ? ಟೀವ್ಯಾಗಿನ ಅಕ್ಕೋರು ಬ್ಯಾರೆ ಅದಾರೇನ್ರಿ?"

"ಯಾಕೆ?"

"ನನ್ನ ಮಗಳು ಹಂಗಂತಾಳ್ರಿ. ಮಾರಿ ನಮ್ಮ ಅಕ್ಕೋರದು, ಖರೆ ಇವರು ನಮ್ಮ ಅಕ್ಕೋರಲ್ಲ ಅಂತಾಳ. ನಮ್ಮ ಅಕ್ಕೋರು ಕಾಯ್ತಾರ, ಇವರು ಕಾಯಂಗಿಲ್ಲ ಅಂತ."

ಅವರ ಮಗಳಿಗೆ ಎಂಟು ವರ್ಷ. ಮಾತು ತೊದಲುತ್ತದೆ. ಶಬ್ದದ ಮೊದಲ ಅಕ್ಷರದಲ್ಲೇ ಗಂಟು ಬೀಳುತ್ತದೆ. ಅರಳೆ ಹಿಂಜುವ ಯಂತ್ರ ಓಡುತ್ತಿರುವಾಗ ಮಾತ್ರ ಅದರ ಸದ್ದಿನಲ್ಲಿ ಪಟಪಟ ಮಾತಾಡುತ್ತಾಳೆ. ಯಂತ್ರ ನಿಂತರೆ ಮಾತೂ ನಿಲ್ಲುತ್ತದೆ. ಎರಡನೇ ತರಗತಿಯಿಂದಲೂ ಇದೇ ಅಕ್ಕೋರು ಆಕೆಗೆ ಪಾಠ ಹೇಳುತ್ತಿದ್ದರು. ಆ ವರ್ಷ ಶಾಲೆ ಮುಚ್ಚುವ ಸ್ವಲ್ಪ ಮುಂಚೆ ಆಕೆ ತರಗತಿಯಲ್ಲಿ ಉತ್ತರ ಹೇಳಲು ಶುರು ಮಾಡಿದ್ದಳು. ಫೋನಿನ ಪಾಠದಲ್ಲಿ ಆಕೆ ಬಾಯಿ ತೆರೆಯುವಷ್ಟರಲ್ಲಿ ಬೇರೆಯವರು ಹೇಳಿ ಮುಗಿಸುತ್ತಿದ್ದರು. ಒಮ್ಮೆ ಯಾರೋ ನಕ್ಕದ್ದು ಎಲ್ಲರ ಫೋನಿನಲ್ಲೂ ಕೇಳಿಸಿತ್ತು. ಅಂದಿನಿಂದ ಮನೆಯವರನ್ನು ಬಿಟ್ಟು ಯಾರೊಡನೆಯೂ ಮಾತಿಲ್ಲ.

"ಸಾಲಿ ತಗದ್ರೂ ಹೋಗಂಗಿಲ್ಲ ಅಂತ ಕುಂತಾಳ್ರಿ. ನಮ್ಮವ್ವ ಅಂತೂ, ಬಿಡಿಸಿ ಬಿಡು, ಹೊಲಿಗಿ ಕಲೀಲಿ, ಸೂಜಿಗೆ ಮಾತ ಬೇಕಾಗಿಲ್ಲ ಅಂತಾಳ. ಅಕ್ಕೋರು ಟೀವ್ಯಾಗ ಬರ್ತಾರಂದಾಗ ನನಗ ಧೈರ್ಯ ಬಂದಿತ್ತು." ಗಾದಿಯನ್ನು ಹೆಗಲಿಗೆ ಏರಿಸಿಕೊಂಡರು. "ಇರ್ಲಿ ಬಿಡ್ರಿ. ನಿಮ್ಮ ಮ್ಯಾಲ ದೂರಲ್ಲ."

ದೂರು ನನ್ನ ಮೇಲೇ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಸುದ್ದಿಮನೆಯಲ್ಲಿ ದೂರು ಬಂದರೆ ಸ್ಥಳಕ್ಕೆ ಹೋಗಿ ನೋಡಬೇಕು. ಮರುದಿನ ಹತ್ತಕ್ಕೆ ಹದಿನೈದು ನಿಮಿಷ ಇರುವಾಗ ಶಿಗ್ಲಿಯ ಅವರ ಮನೆ ತಲುಪಿದೆ. ಮುಂದಿನ ಪಡಸಾಲೆಯಲ್ಲಿ ಅರಳೆ, ಒಳಗಿನ ಕೋಣೆಯಲ್ಲಿ ಟೀವಿ. ಓಣಿಯ ನಾಲ್ಕೈದು ಮಕ್ಕಳು ದೂರದೂರ ಕೂತಿದ್ದರು. ಹುಡುಗಿಗೆ ಮುಜುಗರವಾಗಬಾರದೆಂದು ಗಾದಿಯವರು ನನ್ನನ್ನು ಗಿರಾಕಿ ಎಂದು ಪರಿಚಯಿಸಿದರು. ಅವರ ತಾಯಿ ನಂಬಿಬಿಟ್ಟರು.

"ಒಬ್ಬರ ಗಾದಿನೋ, ಇಬ್ಬರದೋ?"

"ಇನ್ನೂ ವಿಚಾರ ಮಾಡಾಕತ್ತೀನ್ರಿ."

"ಈ ವಯಸ್ಸಿನಾಗ ಏನ ವಿಚಾರ!" ಎಂದು ಅಜ್ಜಿ ಒಳಗೆ ಹೋದರು. ನಾನು ಮಾಸ್ಕ್ ಸರಿ ಮಾಡಿಕೊಂಡು ಬಾಗಿಲ ಬಳಿ ಅರಳೆ ಮೂಟೆಯ ಮೇಲೆ ಕೂತೆ.

ಪಾಠ ಶುರುವಾಯಿತು. ಅಕ್ಕೋರು ಕಳೆಯುವ ಲೆಕ್ಕ ಹೇಳಿದರು. "ಹದಿನಾಲ್ಕರಾಗ ಆರು ತಗದ್ರ ಎಷ್ಟು?" ಮಕ್ಕಳು ಬೆರಳು ಮಡಚತೊಡಗಿದರು. ಎರಡನೇ ಬೆರಳಿಗೆ ಬರುವಷ್ಟರಲ್ಲಿ ಟೀವಿಯಲ್ಲಿ ಅಕ್ಕೋರು "ಎಂಟು" ಎಂದರು.

"ಏ, ತಡೀರಿ!" ಎಂದು ಒಬ್ಬ ಹುಡುಗ ಟೀವಿಗೆ ಕೂಗಿದ. ಮುಂದಿನ ಪ್ರಶ್ನೆಗೆ ಇನ್ನೊಬ್ಬಳು "ಕೇಳಂಗೇ ಇಲ್ಲಲೇ ಇವರು" ಎಂದು ಬೇಸರದಿಂದ ಹೇಳಿದಳು. ಗಾದಿಯವರ ಮಗಳು ಎಲ್ಲರಿಗಿಂತ ಹಿಂದೆ ಇದ್ದಳು. ಮೊದಲ ಪ್ರಶ್ನೆಗೆ ಆಕೆಯ ಗದ್ದ ಮೇಲೆ ಬಂತು, ತುಟಿ ಕೂಡಿತು; ಉತ್ತರ ಟೀವಿಯಿಂದ ಬಂದೊಡನೆ ಗದ್ದ ಇಳಿಯಿತು. ಎರಡನೆಯದಕ್ಕೂ ಹಾಗೇ ಆಯಿತು. ಮೂರನೆಯದಕ್ಕೆ ಪರದೆಗೆ ಬೆನ್ನು ಹಾಕಿ, ಅರಳೆಯೊಳಗಿನ ಕಸ ಆರಿಸುತ್ತ ಕೂತಳು.

ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಎಂದು ನೋಡಬೇಕಾಗಿರಲಿಲ್ಲ. ಒಂದು ಸೆಕೆಂಡು. ಇಟ್ಟವನು ನಾನೇ.

ಅಕ್ಕೋರು ಮುಂದಿನ ಸಲ ಬಂದಾಗ ಕ್ಯಾಮೆರಾ ಹೂಡುವ ಮೊದಲೇ ಹೇಳಿದೆ. ಏನು ಕತ್ತರಿಸಿದೆ, ಎಷ್ಟು ಪಾಠಗಳಲ್ಲಿ, ಶಿಗ್ಲಿಯಲ್ಲಿ ಏನು ಕಂಡೆ, ಎಲ್ಲ. ಅವರು ಬೆಂಚಿನ ಮೇಲೆ ಕೂತು ಕೇಳಿದರು. ಸಿಟ್ಟು ಬಂದಿತ್ತು, ಧ್ವನಿ ಏರಲಿಲ್ಲ.

"ನೀವು ಕತ್ತರಿಸಿದ್ದ ಪಾಠ ರೀ. ಉಳಿಸಿದ್ದು ಬರೇ ಮಾತು."

ಆಮೇಲೆ ಆ ಒರೆಸುವಿಕೆಯ ಮೂಲ ಹೇಳಿದರು. ಹುಡುಗಿ ಎರಡನೇ ತರಗತಿಗೆ ಬಂದ ಹೊಸದರಲ್ಲಿ ಯಾರಾದರೂ ಮುಖ ನೋಡಿದರೆ ಸಾಕು, ಮಾತು ಕಟ್ಟಿಹೋಗುತ್ತಿತ್ತು. ಒಂದು ದಿನ ಅಕ್ಕೋರು ಪ್ರಶ್ನೆ ಕೇಳಿ, ಉತ್ತರ ಬರದೆ, ಇರಲಿ ಎಂದು ಬೋರ್ಡು ಒರೆಸಲು ತಿರುಗಿದ್ದರು. ಬೆನ್ನ ಹಿಂದೆ ಉತ್ತರ ಬಂತು. ಮರುದಿನವೂ ತಿರುಗಿದರು, ಮರುದಿನವೂ ಬಂತು. ಅಂದಿನಿಂದ ಪ್ರತಿ ಪ್ರಶ್ನೆಗೂ ಒರೆಸುತ್ತಾರೆ. ಆಕೆಗೊಬ್ಬಳಿಗೇ ಎಂದು ಯಾರಿಗೂ ಗೊತ್ತಾಗಬಾರದೆಂದು ಎಲ್ಲರಿಗೂ ಒರೆಸುತ್ತಾರೆ.

"ಎಷ್ಟು ಸೆಕೆಂಡು ಬೇಕು?" ಎಂದೆ.

"ಸೆಕೆಂಡು ನಾ ಏನ ಎಣಿಸಿಲ್ಲ. ಬೋರ್ಡ್ ಒರಸೂದು ಮುಗಿಯೂತನಕ."

ನನಗೆ ಅಂಕಿ ಬೇಕಿತ್ತು. ಕತ್ತರಿಸದ ಮೂಲ ಚಿತ್ರಣ ಕೊನೆಯ ನಾಲ್ಕು ಪಾಠಗಳದ್ದು ಮಾತ್ರ ಉಳಿದಿತ್ತು. ಮೊದಲ ಎಂಟನ್ನು ಹಾರ್ಡ್‌ಡಿಸ್ಕಿನಲ್ಲಿ ಜಾಗವಿಲ್ಲವೆಂದು ಅಳಿಸಿಬಿಟ್ಟಿದ್ದೆ. ಉಳಿದದ್ದರಲ್ಲಿ ಅಳೆದು ನೋಡಿದೆ. ಹನ್ನೊಂದು ಸೆಕೆಂಡು. ಹನ್ನೊಂದೂವರೆ. ಮತ್ತೆ ಹನ್ನೊಂದು. ಬೋರ್ಡು ಅದೇ, ವಸ್ತ್ರ ಅದೇ, ಕೈ ಅದೇ. ಅರ್ಧ ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಎಲ್ಲಿಯೂ ಇರಲಿಲ್ಲ.

ಹನ್ನೊಂದು ಸೆಕೆಂಡು ಮೌನ ಬಿಡಬೇಕೆಂದಾಗ ಮಾಲೀಕರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ಒಂದಲ್ಲ ಎರಡಲ್ಲ, ಹನ್ನೊಂದು! ಅದೂ ಪಾಠಕ್ಕ ಇಪ್ಪತ್ತ ಸಲ! ಕೇಬಲ್ ಹರೀತು ಅಂತ ಮಂದಿ ಮನಿಗೆ ಬರ್ತಾರ ನೋಡ್ರಿ."

ಅವರ ಮಾತಿನಲ್ಲಿ ಹುರುಳಿತ್ತು. ಪೂರ್ತಿ ನಿಶ್ಶಬ್ದವಾದರೆ ಜನರಿಗೆ ಅದು ಕೆಟ್ಟ ಕೇಬಲ್ಲೇ. ಆದ್ದರಿಂದ ವಸ್ತ್ರ ಬೋರ್ಡಿನ ಮೇಲೆ ಆಡುವ ಸಣ್ಣ ಸದ್ದು ಉಳಿಯುವಂತೆ ಬೋರ್ಡಿನ ಅಂಚಿಗೆ ಎರಡನೇ ಮೈಕು ಕಟ್ಟುವುದೆಂದು ಮಾಡಿದೆ. ಪರದೆಯ ಕೆಳಗೆ ಸುದ್ದಿ ಸಾಲು ಓಡುವ ಪಟ್ಟಿಯಲ್ಲಿ ಆ ಹೊತ್ತಿಗೆ ಒಂದೇ ಸಾಲು ಹಾಕುವುದೆಂದೂ ನಿರ್ಧರಿಸಿದೆ: 'ಮಕ್ಕಳು ಉತ್ತರ ಹೇಳುತ್ತಿದ್ದಾರೆ. ದಯವಿಟ್ಟು ಕಾಯಿರಿ.' ಮಾಲೀಕರು ಸಾಲನ್ನು ಎರಡು ಸಲ ಓದಿದರು. "ಒಂದು ವಾರ ನೋಡೂಣು," ಎಂದರು.

'ಕೇಳಿಸ್ತು' ಎಂಬ ಮಾತಿಗೆ ಮಾತ್ರ ನಾನಿನ್ನೂ ಒಪ್ಪಿರಲಿಲ್ಲ. "ಅಕ್ಕೋರೇ, ಅದು ಸುಳ್ಳಾಗ್ತದ. ನಿಮಗ ಏನೂ ಕೇಳಿಸಿರಂಗಿಲ್ಲ," ಎಂದೆ.

"ನೀವು ದಿನಾ ಸಂಜಿಗೆ ಕ್ಯಾಮೆರಾ ನೋಡಿ ನಮಸ್ಕಾರ ಅಂತೀರಲ್ಲ, ಯಾರಿಗ್ರಿ ಅದು?"

ಕ್ಯಾಮೆರಾದವನು ನಕ್ಕು ಕೆಮ್ಮಿದ. ಆ ಮಾತನ್ನು ಉಳಿಸಿಕೊಂಡೆವು.

ಎಂಟು ಪಾಠಗಳನ್ನು ಅಕ್ಕೋರು ಮತ್ತೆ ಹೇಳಿದರು. ಅದಕ್ಕಾಗಿ ನಾಲ್ಕು ದಿನ ಹೆಚ್ಚಿಗೆ ಬಂದುಹೋದರು. ಕತ್ತರಿಸದ ಪಾಠದ ಮೊದಲ ಪ್ರಸಾರದ ದಿನ ಮೊದಲ ಮೌನಕ್ಕೇ ಕಚೇರಿಯ ಫೋನು ರಿಂಗಣಿಸಿತು. ಶಿರಹಟ್ಟಿಯ ಒಬ್ಬ ಕಿರಾಣಿ ವ್ಯಾಪಾರಿ.

"ಏನ್ರಿ, ಅಕ್ಕೋರಿಗೆ ಪಾಠ ಮರತೈತೇನ?"

"ಇಲ್ರಿ. ಹುಡುಗರು ಹೇಳ್ಲಿ ಅಂತ ಕಾಯಾಕತ್ತಾರ."

"ಇಲ್ಲಿ ಹುಡುಗರ ಇಲ್ಲಲ್ರಿ, ನಾ ಒಬ್ಬಾಂವ ಅದೀನಿ!"

"ಹಂಗಾರ ನೀವ ಹೇಳ್ರಿ," ಎಂದು ಇಟ್ಟೆ. ನಾಲ್ಕು ದಿನ ಇಂಥ ಕರೆಗಳು ಬಂದವು. ಐದನೆಯ ದಿನ ಅದೇ ವ್ಯಾಪಾರಿ ಮತ್ತೆ ಮಾಡಿದರು. ಹತ್ತೊಂಬತ್ತರ ಮಗ್ಗಿಯಲ್ಲಿ ತಾವು ಮೊಮ್ಮಗನಿಗಿಂತ ಮೊದಲು ಹೇಳಿದ್ದಾಗಿ, ಅದನ್ನು ಅಕ್ಕೋರಿಗೆ ತಿಳಿಸಬೇಕಾಗಿ ವಿನಂತಿಸಿದರು. ತಿಳಿಸಿದೆ. ಒಂದು ವಾರದ ಗಡುವಿನ ಬಗ್ಗೆ ಮಾಲೀಕರು ಮತ್ತೆ ಮಾತೆತ್ತಲಿಲ್ಲ.

ಶಿಗ್ಲಿಯ ಮನೆಯಿಂದ ಮಾತ್ರ ಒಳ್ಳೆಯ ಸುದ್ದಿ ಇರಲಿಲ್ಲ. ಹುಡುಗಿ ಬೆನ್ನು ಹಾಕಿಯೇ ಕೂರುತ್ತಿದ್ದಳು. ಒಮ್ಮೆ ಮುರಿದ ನಂಬಿಕೆ ಎಂಟು ವರ್ಷದವರಲ್ಲೂ ಬೇಗ ಕೂಡುವುದಿಲ್ಲ. ಅಕ್ಕೋರು ಪ್ರತಿ ಸಲ ಕೇಳುತ್ತಿದ್ದರು, "ಏನರ ಅಂದಳಂತೇನ್ರಿ?" ಇಲ್ಲ ಎನ್ನುತ್ತಿದ್ದೆ. ಅವರು ವಸ್ತ್ರ ಕೊಡವಿ ಪಾಠಕ್ಕೆ ನಿಲ್ಲುತ್ತಿದ್ದರು. ಮೂರನೇ ವಾರ ಗಾದಿಯವರು ಫೋನಿನಲ್ಲಿ, "ಇವತ್ತ ಅಡ್ಡಾಗಿ ಕುಂತಿದ್ದಳ್ರಿ" ಎಂದರು. ಬೆನ್ನೂ ಅಲ್ಲ, ಮುಖವೂ ಅಲ್ಲ. ಅಕ್ಕೋರು ಅದನ್ನು ತಮ್ಮ ಪಾಠದ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಒಂದೇ ಶಬ್ದ: ಅಡ್ಡ.

ದಸರೆ, ದೀಪಾವಳಿ ಹೀಗೇ ಕಳೆದವು. ಪಾಠ ನಿಲ್ಲಲಿಲ್ಲ. ಚಳಿ ಬಿದ್ದಾಗ ಮಾಗಡಿ ಕೆರೆಗೆ ಎಂದಿನಂತೆ ಹಕ್ಕಿಗಳು ಬಂದವು. ನಮ್ಮ ಕ್ಯಾಮೆರಾದವನು ಬೆಳಗಿನ ಜಾವ ಹೋಗಿ, ಕೆರೆಯಿಂದ ಹೊಲಗಳ ಕಡೆ ಹಾರುವ ಹೆಬ್ಬಾತುಗಳನ್ನು ತೆಗೆದು ತಂದ. ಸುದ್ದಿಗೆ ಒಂದು ನಿಮಿಷ ಸಾಕಾಯಿತು. ಉಳಿದ ಚಿತ್ರಣವನ್ನು ಅಕ್ಕೋರು ಪಾಠಕ್ಕೆ ಕೇಳಿದರು. ಪರಿಸರ ಪಾಠ. ಹಕ್ಕಿ ತೋರಿಸಿ, ಅವು ಹಿಮದ ನಾಡಿನಿಂದ ಗುಡ್ಡ ದಾಟಿ ಬರುತ್ತವೆ ಎಂದು ಹೇಳಿ, ಕೇಳಿದರು: "ಅಷ್ಟು ದೂರದಿಂದ ನಮ್ಮ ಕಡೆ ಯಾಕ ಬಂದಾವ?" ಬೆನ್ನು ತಿರುಗಿಸಿ ಒರೆಸಿದರು.

ಪ್ರಸಾರದ ಮರುದಿನ ಗಾದಿಯವರು ಶಾಲೆಗೆ ಬಂದರು. ಧೂಳು ಕೊಡವಲು ಎಂದು ಹೇಳಿದರು; ಗಾದಿಗಳ ಕಡೆ ನೋಡಲೂ ಇಲ್ಲ. ಅಕ್ಕೋರಿಂದ ದೂರ ನಿಂತು ಫೋನನ್ನು ಬೆಂಚಿನ ಮೇಲಿಟ್ಟು ಹಿಂದೆ ಸರಿದರು. "ಕೇಳ್ರಿ."

ಚಿತ್ರವಿರಲಿಲ್ಲ, ಧ್ವನಿ ಮಾತ್ರ. ಟೀವಿಯಲ್ಲಿ ಅಕ್ಕೋರ ಪ್ರಶ್ನೆ. ವಸ್ತ್ರದ ಸದ್ದು. ಬೇರೆ ಮಕ್ಕಳು "ಮೀನ ತಿನ್ನಾಕ", "ಶೇಂಗಾ ತಿನ್ನಾಕ" ಎಂದು ಕೂಗಿ ಸುಮ್ಮನಾದರು. ವಸ್ತ್ರ ಇನ್ನೂ ಆಡುತ್ತಿತ್ತು. ಆಗ ಒಂದು ಸಣ್ಣ ಧ್ವನಿ.

"ಥ... ಥ... ಥಂಡಿ. ಅವಕ್ಕ ಗಾ... ಗಾದಿ ಇಲ್ಲ."

ಹಿಂದೆಯೇ ಟೀವಿಯಿಂದ ಅಕ್ಕೋರು: "ಹ್ಞೂಂ, ಕೇಳಿಸ್ತು."

ಅಕ್ಕೋರು ಆ ಧ್ವನಿಯನ್ನು ಮೂರು ಸಲ ಹಾಕಿ ಕೇಳಿದರು. ಮೂರನೆಯ ಸಲ ಟೀವಿಯ ಧ್ವನಿಗಿಂತ ಮೊದಲೇ ತಾವೇ ಫೋನಿಗೆ, "ಹ್ಞೂಂ, ಕೇಳಿಸ್ತು" ಎಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಹುಚ್ಚಿ, ಗಾದಿ ಇಲ್ಲಂತ" ಎಂದು ನಕ್ಕರು. ಗಾದಿಯವರು ಹೊರಗೆ ಹೋಗಿ ಒಂದು ಗಾದಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದರು.

ಅಂದಿನ ಪಾಠ ಬೇರೆ ಇತ್ತು. ಅಕ್ಕೋರು ಅದನ್ನು ಬದಿಗಿಟ್ಟರು. ಕ್ಯಾಮೆರಾ ನೋಡಿ ಹೇಳಿದರು: "ಹಕ್ಕಿಗೆ ಗಾದಿ ಇಲ್ಲ ಅಂತ ಯಾರೋ ಒಬ್ಬರು ಹೇಳಿದ್ರು. ಛಲೋ ಹೇಳಿದ್ರಿ. ಹಂಗಾರ ಹಕ್ಕಿ ಥಂಡಿಗೆ ಏನ ಹೊತ್ಕೋತೈತಿ?" ಒರೆಸಿದರು. ಆಮೇಲೆ ಪುಕ್ಕದ ಪಾಠ ಹೇಳಿದರು. ಹೊರಗಿನ ಒರಟು ಪುಕ್ಕ, ಒಳಗಿನ ಮೆತ್ತನೆಯ ತುಪ್ಪಳ, ಅವುಗಳ ನಡುವೆ ಗಾಳಿ ಹಿಡಿದು ಬೆಚ್ಚಗಿರುವ ಬಗೆ, ಎಲ್ಲವನ್ನೂ ಗಾದಿಯವರಿಂದಲೇ ಕಡ ತಂದ ಹಿಡಿ ಅರಳೆಯಲ್ಲಿ ತೋರಿಸಿದರು. ಹುಡುಗಿಯ ಹೆಸರು ಹೇಳಲಿಲ್ಲ. ಹೇಳಬೇಕಾದ ಅಗತ್ಯವಿರಲಿಲ್ಲ. ಆ ಪಾಠ ಮುಗಿದಾಗ ಆಕೆ ಟೀವಿಯ ಮುಂದಿನ ಜಾಗಕ್ಕೆ ಸರಿದು ಕೂತಿದ್ದಳೆಂದೂ, ಅಜ್ಜಿ ಮಾತ್ರ, "ಟೀವ್ಯಾಗಿನವರಿಗೆ ಇದು ಹೆಂಗ ಗೊತ್ತಾತು?" ಎಂದು ಟೀವಿಯ ಹಿಂದೆ ಇಣುಕಿ ನೋಡಿದರೆಂದೂ ಪ್ರಸಾರದ ದಿನ ಸಂಜೆ ಖಬರು ಬಂತು.

ಅಲ್ಲಿಂದ ಗಾದಿಯವರು ಆಗಾಗ ಧ್ವನಿ ಕಳುಹಿಸುತ್ತಿದ್ದರು. ಬೇರೆ ಪಾಲಕರೂ ಶುರು ಮಾಡಿದರು. ಅಕ್ಕೋರು ಪಾಠಕ್ಕೆ ಮುಂಚೆ ಎಲ್ಲವನ್ನೂ ಕೇಳುತ್ತಿದ್ದರು. 'ಕೇಳಿಸ್ತು' ಎಂಬ ಮಾತನ್ನು ಕುರಿತ ನನ್ನ ಆಕ್ಷೇಪಕ್ಕೆ ಆಧಾರವೇ ಉಳಿಯಲಿಲ್ಲ. ಎರಡನೇ ಅಲೆಯ ತಿಂಗಳುಗಳಲ್ಲಿ ಎಲ್ಲ ನಿಂತಿತು. ಸುದ್ದಿಯಲ್ಲಿ ಓದಿದ ಹೆಸರುಗಳಲ್ಲಿ ಪರಿಚಿತರವೂ ಇದ್ದವು. ಆಗ ಹಳೆಯ ಪಾಠಗಳನ್ನೇ ಮತ್ತೆ ಹಾಕಿದೆ, ಒಂದು ಸೆಕೆಂಡೂ ಕತ್ತರಿಸದೆ.

ಚಿಕ್ಕ ಮಕ್ಕಳ ತರಗತಿಗಳು ತೆರೆಯುವ ಹೊತ್ತಿಗೆ ಒಂದೂವರೆ ವರ್ಷ ಮೀರಿತ್ತು. ಅವರು ಈಗ ನಾಲ್ಕನೇ ತರಗತಿ. ಅಕ್ಕೋರು ಹಟ ಹಿಡಿದು ಅವರನ್ನೇ ಮತ್ತೆ ಕೇಳಿ ಪಡೆದಿದ್ದರು. ಶಾಲೆ ತೆರೆದ ಸುದ್ದಿಗೆ ನಾನೂ ಕ್ಯಾಮೆರಾದವನೂ ಹೋದೆವು. ಗಾದಿಗಳು ಹಿಂದಿನ ದಿನವೇ ಹೊರಟಿದ್ದವು. ಹುಡುಗಿ ಎರಡನೇ ಸಾಲಿನ ಕೊನೆಯಲ್ಲಿ ಕೂತಿದ್ದಳು. ಆಕೆಯ ತಂದೆ ಕಿಟಕಿಯ ಹೊರಗೆ, ಕಾಣದ ಹಾಗೆ ಗೋಡೆಗೆ ಒರಗಿ ನಿಂತಿದ್ದರು. ಶಾಲೆ ಬಿಡಿಸಿ ಹೊಲಿಗೆ ಕಲಿಸಬೇಕೆಂಬ ಅಜ್ಜಿಯ ಮಾತು ಇನ್ನೂ ಜೀವಂತವಿತ್ತು. ಇಂದು ಮಗಳು ಏನು ಮಾಡುತ್ತಾಳೆಂಬುದರ ಮೇಲೆ ನಾಳೆಯ ಮಾತು ನಿಂತಿದೆ ಎಂದು ನನಗೆ ಬಾಗಿಲಲ್ಲೇ ಹೇಳಿದ್ದರು. ಆಕೆಯ ಮುಖ ತೆಗೆಯಬಾರದೆಂದು ಕ್ಯಾಮೆರಾವನ್ನು ಹಿಂದಿನ ಗೋಡೆಗೆ, ಬೋರ್ಡಿಗೆ ಎದುರಾಗಿ ಇಟ್ಟೆವು.

ಅಕ್ಕೋರು ಹಾಜರಿ ಕರೆದರು. ಪುಸ್ತಕ ಮುಚ್ಚಿ ಸುತ್ತ ನೋಡಿದರು. ಮೊಳೆಗಳು ಹಾಗೇ ಉಳಿದಿದ್ದವು, ಒಂದೊಂದಕ್ಕೂ ಬಟ್ಟೆಯ ಚೂರು.

"ಒಂದು ಪ್ರಶ್ನೆ. ನಮ್ಮ ಗ್ವಾಡಿ ತುಂಬ ಇಷ್ಟ ಮೊಳಿ ಯಾಕ ಅದಾವ?"

ಬೆನ್ನು ತಿರುಗಿಸಿ ವಸ್ತ್ರ ಕೈಗೆತ್ತಿಕೊಂಡರು.

"ಅಂಗಿ ಹಾಕಾಕ್ರಿ!" "ಫೋಟೋ ಹಾಕಾಕ!" "ಮಾಸ್ಕ್ ಹಾಕಾಕ್ರಿ ಅಕ್ಕೋರ!" ನಗೆ ಎದ್ದು ಇಳಿಯಿತು. ಅಕ್ಕೋರು ತಿರುಗಲಿಲ್ಲ. ನನ್ನ ಕಣ್ಣು ಕ್ಯಾಮೆರಾದ ಅಂಕಿಗಳ ಮೇಲಿತ್ತು. ಹನ್ನೊಂದು ಸೆಕೆಂಡು ಆಯಿತು. ಹದಿನೈದು. ಬೋರ್ಡಿನಲ್ಲಿ ಒರೆಸಲು ಏನೂ ಇರಲಿಲ್ಲ. ಅವರು ಮೇಲಿನ ಮೂಲೆಯಿಂದ ಮತ್ತೆ ಶುರು ಮಾಡಿದರು. ಹತ್ತೊಂಬತ್ತು. ಕಿಟಕಿಯಾಚೆ ಒಂದು ಕೈ ಸರಳನ್ನು ಹಿಡಿಯಿತು.

"ನ... ನಮ್ಮಪ್ಪ," ಎಂದಿತು ಎರಡನೇ ಸಾಲಿನ ಧ್ವನಿ. "ಗಾ... ಗಾದಿ ಹಾಕಿದ್ದ. ಸಾ... ಸಾಲಿಗೆ."

ಯಾರೂ ನಗಲಿಲ್ಲ. ಅಕ್ಕೋರು ಒರೆಸುವುದನ್ನು ನಿಧಾನವಾಗಿ ಮುಗಿಸಿ, ವಸ್ತ್ರ ಮಡಚಿಟ್ಟು, ಆಮೇಲೆ ತಿರುಗಿದರು.

"ಹ್ಞೂಂ, ಕೇಳಿಸ್ತು."

ಗಾದಿಯವರ ಅನುಮತಿ ಕೇಳಿ, ಸಂಜೆ ಏಳರ ವಾರ್ತೆಗೆ ಅಷ್ಟನ್ನೇ ಜೋಡಿಸಿದೆ. ನನ್ನ ಧ್ವನಿ ಸೇರಿಸಲಿಲ್ಲ. ಪಟ್ಟಿಯಲ್ಲಿ ಸಾಲು ಹಾಕಲೂ ಇಲ್ಲ. ಪ್ರಶ್ನೆ, ಒರೆಸುವ ಬೆನ್ನು, ಹುಡುಗರ ಗದ್ದಲ, ಅದರ ನಂತರದ ಮೌನ. ಪ್ರಸಾರವಾಗುತ್ತಿದ್ದಂತೆ ಫೋನು ರಿಂಗಣಿಸಿತು. ಮಾಲೀಕರು ಎತ್ತಿಕೊಂಡರು. ಆ ಕಡೆಯವರು ಏನು ಕೇಳಿದರೆಂಬುದನ್ನು ಕೇಳದೆಯೇ ಹೇಳಬಲ್ಲೆ. ಮಾಲೀಕರು ಕಣ್ಣು ಪರದೆಯಿಂದ ಕೀಳದೆ, ದನಿ ತಗ್ಗಿಸಿ ಉತ್ತರಿಸಿದರು.

"ಆವಾಜ್ ಹೋಗಿಲ್ರಿ. ತಡೀರಿ ಒಂಚೂರು, ಹುಡುಗಿ ಹೇಳಾಕತ್ತಾಳ."